ಗಿರಣಿಯ ಮೇಲಿನ ನಿದ್ದೆ

ಮಗುವನ್ನು ಮಲಗಿಸಲು ನಂದಿತಾಳಿಗೆ ಸದ್ದಿಲ್ಲದ ಒಂದು ಜಾಗ ಇರಲಿಲ್ಲ. ಹಲಸೂರು ಬಜಾರಿನ ಹಿಂದಿನ ಗಲ್ಲಿಯಲ್ಲಿ, ಹಿಟ್ಟಿನ ಗಿರಣಿಯ ಮೇಲಿನ ಎರಡು ಕೋಣೆಗಳಲ್ಲಿ ಅವರ ಸಂಸಾರ. ಬೆಳಗ್ಗೆ ಗಿರಣಿಯ ಷಟರ್ ಎತ್ತಿದರೆ ರಾತ್ರಿ ಇಳಿಸುವವರೆಗೆ ರಾಗಿಯೋ ಗೋಧಿಯೋ ಮೆಣಸಿನಕಾಯಿಯೋ ಏನಾದರೊಂದು ಅರೆಯುತ್ತಲೇ ಇರುತ್ತಿತ್ತು. ನೆಲ ನಡುಗುತ್ತಿತ್ತು. ಗೂಡಿನಲ್ಲಿಟ್ಟ ಸ್ಟೀಲ್ ಲೋಟಗಳು ಒಂದಕ್ಕೊಂದು ತಾಗಿ ಗುಣುಗುಡುತ್ತಿದ್ದವು. ಮದುವೆಯಾಗಿ ಬಂದ ಹೊಸದರಲ್ಲಿ ಅವಳು ದಿನವೂ ತಲೆನೋವಿನ ಮಾತ್ರೆ ನುಂಗುತ್ತಿದ್ದಳು. ಆಮೇಲೆ ಆ ಸದ್ದು ಅವಳ ಕಿವಿಗೆ ಬೀಳುವುದೇ ನಿಂತುಹೋಯಿತು.

ಮಗ ದೀಪುಗೆ ಎರಡು ವರ್ಷ. ಅವನು ಮಲಗುತ್ತಿದ್ದುದು ಜೋಲಿಯಲ್ಲಿ. ನಂದಿತಾಳ ಅಮ್ಮನ ಹಳೇ ನೂಲಿನ ಸೀರೆಯನ್ನು ತೊಲೆಯ ಕೊಂಡಿಗೆ ಕಟ್ಟಿದ್ದರು. ಮಧ್ಯಾಹ್ನ ಅನ್ನ ತಿನ್ನಿಸಿ ಅದರೊಳಗೆ ಹಾಕಿ ನಾಲ್ಕು ಸಲ ತೂಗಿದರೆ ಸಾಕು, ಕಣ್ಣು ಮುಚ್ಚುತ್ತಿದ್ದ. ರಾತ್ರಿಯೂ ಷಟರ್ ಇಳಿಯುವ ಮೊದಲೇ ಹಾಗೆಯೇ ಮಲಗಿಬಿಡುತ್ತಿದ್ದ. ಎಲ್ಲ ಆ ಸೀರೆಯ ಗುಣ ಎಂದು ನಂದಿತಾ ತಿಳಿದಿದ್ದಳು.

ಆ ನಿದ್ದೆ ತಪ್ಪುವ ಹಾಗಿರಲಿಲ್ಲ. ದೀಪುಗೆ ಎರಡು ಸಲ ಫಿಟ್ಸ್ ಬಂದಿತ್ತು. ಒಂದು ಸಲ ನೆಂಟರ ಮನೆಯ ಗೃಹಪ್ರವೇಶದಲ್ಲಿ ನಿದ್ದೆಗೆಟ್ಟ ಮೇಲೆ, ಇನ್ನೊಂದು ಸಲ ಗಲ್ಲಿಯ ಕರೆಂಟು ಎರಡು ದಿನ ಕೈಕೊಟ್ಟು ಮಗು ಕಣ್ಣೇ ಮುಚ್ಚದಿದ್ದಾಗ. ಡಾಕ್ಟರು ಮಗುವಿನ ತಲೆಗೆ ತಂತಿಗಳನ್ನು ಅಂಟಿಸಿ ಪರೀಕ್ಷೆ ಮಾಡಿ, ಸಿರಪ್ ಬರೆದುಕೊಟ್ಟು, "ಔಷಧಿ ತಪ್ಪಿಸ್ಬೇಡಿ, ನಿದ್ದೆ ಕೆಡಿಸ್ಬೇಡಿ. ದೊಡ್ಡೋನಾದ್ಮೇಲೆ ಹೋಗ್ಬಹುದು" ಎಂದಿದ್ದರು. ಹೋಗಬಹುದು ಎಂದರೆ ಹೋಗದೆಯೂ ಇರಬಹುದು ಎಂಬುದು ನಂದಿತಾಳಿಗೆ ಅಲ್ಲೇ ಅರ್ಥವಾಗಿತ್ತು.

ಈ ವಿಷಯ ಮನೆಯ ಹೊಸ್ತಿಲು ದಾಟಿರಲಿಲ್ಲ. ನಂದಿತಾಳ ಅತ್ತೆ ಮುನಿವೆಂಕಟಮ್ಮ ದಾಟಲು ಬಿಟ್ಟಿರಲಿಲ್ಲ. ನಾದಿನಿ ಹೇಮಾಳಿಗೆ ಗಂಡು ನೋಡುತ್ತಿದ್ದರು. "ಅಣ್ಣನ ಮಗೂಗೆ ಐತೆ ಅಂದ್ರೆ ನಾಳೆ ಇವಳ ಮಗೂಗೂ ಬರ್ತದೆ ಅಂತಾರೆ. ವಂಶದಲ್ಲೇ ಐತೆ ಅಂದ್ಬಿಡ್ತಾರೆ," ಎಂದು ಅತ್ತೆ ಹೇಳಿದ್ದಳು. ಬಂದಿದ್ದ ಎರಡು ಸಂಬಂಧಗಳು ಬೇರೆ ಬೇರೆ ಕಾರಣಕ್ಕೆ ತಪ್ಪಿಹೋಗಿದ್ದವು. ಮೂರನೆಯದು ಹೊರಮಾವಿನದು. ಹುಡುಗನ ಹೆಸರು ಲೋಹಿತ್, ಹೊಸಕೋಟೆ ಆಚೆಯ ಒಂದು ನೀರಾಟದ ಪಾರ್ಕಿನಲ್ಲಿ ಯಂತ್ರಗಳನ್ನು ನೋಡಿಕೊಳ್ಳುವ ಕೆಲಸ. ಹೆಣ್ಣು ನೋಡಿ ಹೋದ ಮೇಲೆ ಅವನು ದಿನವೂ ಫೋನು ಮಾಡುತ್ತಿದ್ದ. ಗಿರಣಿಯ ಸದ್ದಿನಲ್ಲಿ ಮಾತು ಕೇಳಿಸದೆ ಹೇಮಾ ತಾರಸಿಗೆ ಹೋಗುತ್ತಿದ್ದಳು, ಇಳಿದು ಬರುವಾಗ ಮುಖ ಬೇರೆಯೇ ಇರುತ್ತಿತ್ತು.

ದಸರಾ ರಜೆಯಲ್ಲಿ ಲೋಹಿತ್ ಎರಡೂ ಮನೆಯವರಿಗೆ ಪಾರ್ಕಿನ ಪಾಸು ತಂದ. ಎಲ್ಲರೂ ಒಟ್ಟಿಗೆ ಒಂದು ದಿನ ಕಳೆಯೋಣ ಎಂದು ಅವನ ತಾಯಿ ಮಂಜುಳಮ್ಮ ತಾನೇ ಫೋನು ಮಾಡಿ ಹೇಳಿದಳು.

"ನಾನೂ ದೀಪೂ ಮನೇಲೇ ಇರ್ತೀವಿ ಅತ್ತೆ. ನೀವೆಲ್ಲ ಹೋಗ್ಬನ್ನಿ," ಎಂದಳು ನಂದಿತಾ.

"ಮಗೂನ ಕರ್ಕೊಂಡ್ಬನ್ನಿ ಅಂತ ಬಾಯ್ಬಿಟ್ಟು ಕೇಳವ್ಳೆ. ಬಿಟ್ಟೋದ್ರೆ ಮಗೂಗೆ ಏನಾಯ್ತು ಅಂತಾಳೆ. ಏನಂತ ಹೇಳ್ಲಿ?"

"ಜ್ವರ ಅನ್ನಿ."

"ಹೋದ್ಸಲ ಹೆಣ್ಣು ನೋಡಕ್ಕೆ ಬಂದಾಗ್ಲೂ ಜ್ವರಾನೇ ಅಂದಿದ್ದು. ದಿನಾ ಜ್ವರ ಬರೋ ಮಗು ಯಾವ್ದು ಅಂತ ಕೇಳಲ್ವಾ?"

ಹೊರಡುವ ಹಿಂದಿನ ದಿನ ಹೇಮಾ ಬಟ್ಟೆ ಮಡಚುತ್ತ ನಂದಿತಾಳ ಪಕ್ಕಕ್ಕೆ ಸರಿದಳು. "ಅತ್ತಿಗೆ, ಮಧ್ಯಾಹ್ನ ಒಂದು ಸಲ ಅವನನ್ನ ಮಲಗಿಸ್ಬಿಡು. ಅಷ್ಟೇ ಸಾಕು. ಇನ್ನೇನೂ ಕೇಳಲ್ಲ ನಿನ್ನ."

ನಂದಿತಾ ಕೊಂಡಿಯಿಂದ ಜೋಲಿಯ ಸೀರೆ ಬಿಚ್ಚಿ ಮಡಚಿ ಬ್ಯಾಗಿನ ತಳದಲ್ಲಿಟ್ಟಳು.

ಬಾಡಿಗೆಯ ಟಿಟಿ ವ್ಯಾನು ಬೆಳಗ್ಗೆ ಹಲಸೂರಿನಿಂದ ಹೊರಟಿತು. ಹಳೇ ಮದರಾಸು ರಸ್ತೆಯಲ್ಲಿ ಎಂದಿನಂತೆ ವಾಹನಗಳು ಇಂಚಿಂಚೇ ಜರುಗುತ್ತಿದ್ದವು. ಇಂಜಿನ್ನು ನಿಂತಲ್ಲೇ ಗುರುಗುಡುತ್ತಿತ್ತು. ದೀಪು ತಾಯಿಯ ಎದೆಗೆ ಒರಗಿ ತೂಕಡಿಸತೊಡಗಿದ. ಈಗ ಒಂದು ಗಳಿಗೆ ಮಲಗಿದರೆ ಮಧ್ಯಾಹ್ನ ಸ್ವಲ್ಪ ಹೆಚ್ಚುಕಡಿಮೆಯಾದರೂ ನಡೆದೀತು ಎಂದು ನಂದಿತಾ ಉಸಿರು ಬಿಗಿಹಿಡಿದು ಕೂತಳು. ಟಿನ್ ಫ್ಯಾಕ್ಟರಿ ಬಳಿ ಮಂಜುಳಮ್ಮ ಹತ್ತಿದಳು. ಹಿಂದೆ ಅವಳ ಕಡೆಯ ಇಬ್ಬರು ನೆಂಟರು. ಲೋಹಿತ್ ಮೊದಲೇ ಪಾರ್ಕಿಗೆ ಹೋಗಿದ್ದ.

"ಏನ್ ಬೀಗಿತ್ತಿ, ಮೊಮ್ಮಗ ಆಗ್ಲೇ ನಿದ್ದೆಗೆ ಬಿದ್ದವ್ನಾ?" ಎನ್ನುತ್ತ ಮಂಜುಳಮ್ಮ ಮಗುವಿನ ಕೆನ್ನೆ ತಟ್ಟಿದಳು. "ಏಳೋ ಕಳ್ಳ. ಪಾರ್ಕ್‌ಗೆ ಹೋಗ್ತಾ ನಿದ್ದೆ ಮಾಡ್ತಾರಾ ಯಾರಾದ್ರೂ?"

ದೀಪು ಕಣ್ಣು ಬಿಟ್ಟ. ಮಂಜುಳಮ್ಮ ಅವನನ್ನು ತೊಡೆಯ ಮೇಲೆ ನಿಲ್ಲಿಸಿಕೊಂಡು ಚಪ್ಪಾಳೆ ತಟ್ಟಿಸಿದಳು, ಕೆ.ಆರ್. ಪುರದ ತೂಗುಸೇತುವೆ ತೋರಿಸಿದಳು, ಬಿಸ್ಕತ್ತು ಕೊಟ್ಟಳು. ಒಳ್ಳೆಯ ಹೆಂಗಸು. ಅವಳನ್ನು ಹೇಗೆ ತಡೆಯಬೇಕೆಂದು ನಂದಿತಾಳಿಗೆ ತಿಳಿಯಲಿಲ್ಲ.

"ಅವ್ನಿಗೆ ಸ್ವಲ್ಪ ನಿದ್ದೆ..." ಎಂದಳು.

"ಮನೇಲಿ ಮಲಗ್ಲಿ ಬಿಡಮ್ಮ. ಎಷ್ಟು ಚುರುಕು ನೋಡು, ನಮ್ ಲೋಹಿತ್ ಥರ."

ಮುನಿವೆಂಕಟಮ್ಮ ಸೊಸೆಯತ್ತ ನೋಡಿ ತಲೆ ಅಲ್ಲಾಡಿಸಿದಳು. ಸುಮ್ಮನಿರು ಎಂದು ಅದರ ಅರ್ಥ.

ಪಾರ್ಕಿನಲ್ಲಿ ಬೆಳಗಿನ ಹೊತ್ತು ಹೇಗೋ ಕಳೆಯಿತು. ಫೋನು, ಪರ್ಸುಗಳನ್ನೆಲ್ಲ ಲಾಕರಿನಲ್ಲಿಟ್ಟು ಅದರ ಕೀಲಿಯನ್ನು ನಂದಿತಾಳ ಗಂಡ ಅಂಜನಮೂರ್ತಿ ಮಣಿಕಟ್ಟಿಗೆ ಕಟ್ಟಿಕೊಂಡ. ಎಲ್ಲರೂ ಬಾಡಿಗೆಯ ನೈಲಾನ್ ಉಡುಪು ತೊಟ್ಟು ನೀರಿಗಿಳಿದರು. ಮುನಿವೆಂಕಟಮ್ಮ ಸೀರೆಯಲ್ಲೇ ಕೊಳದ ಮೆಟ್ಟಿಲ ಮೇಲೆ ಕೂತು ಕಾಲು ಇಳಿಬಿಟ್ಟಳು. ದೀಪು ನೀರು ಕಂಡು ಕೇಕೆ ಹಾಕಿದ, ಓಡಿದ, ಜಾರಿದ, ಮತ್ತೆ ಓಡಿದ. ನಂದಿತಾ ಅವನ ಕಣ್ಣನ್ನೇ ನೋಡುತ್ತಿದ್ದಳು. ಹಿಂದಿನ ಎರಡೂ ಸಲ ಮಗು ಆಡುತ್ತಿದ್ದುದನ್ನು ಬಿಟ್ಟು ಒಂದು ಕಡೆ ಸುಮ್ಮನೆ ದಿಟ್ಟಿಸಿ ನಿಂತಿತ್ತು, ಆಮೇಲೆ ಬಿದ್ದಿತ್ತು. ಈಗ ಅವನು ಎಲ್ಲಾದರೂ ಅರೆಗಳಿಗೆ ನಿಂತರೆ ಸಾಕು, ಅವಳು "ದೀಪೂ" ಎಂದು ಕೂಗುತ್ತಿದ್ದಳು. ಅವನು ತಿರುಗಿದರೆ ಉಸಿರು ಬಿಡುತ್ತಿದ್ದಳು.

"ಯಾಕಮ್ಮ ಹಂಗೆ ಕೂಗ್ತಾನೇ ಇರ್ತೀಯ? ಮಗು ಬೆದರ್ಕೊಳ್ತದೆ," ಎಂದಳು ಮಂಜುಳಮ್ಮ.

ಊಟದ ಹೊತ್ತಿಗೆ ದೀಪು ಕಿವಿ ಉಜ್ಜತೊಡಗಿದ. ಅನ್ನ ಉಗುಳಿದ. ಹೇಮಾ ಅದನ್ನು ಕಂಡು ಲೋಹಿತ್‌ಗೆ ಏನೋ ಹೇಳಿದಳು. ಅವನು ಎದ್ದು ಹೋಗಿ ಒಂದು ಕೀಲಿ ಹಿಡಿದು ಬಂದ.

"ಬೇಬಿ ರೂಮ್ ತೆಗ್ಸಿದೀನಿ ಅತ್ತಿಗೆ. ಎಸಿ ಇದೆ, ಡಬಲ್ ಗ್ಲಾಸು. ಹೊರಗಿನ ಸದ್ದು ಒಂಚೂರೂ ಬರಲ್ಲ. ಆರಾಮಾಗಿ ಮಲಗಿಸಿ."

"ನಮ್ ಹುಡುಗ ಹೇಳಿದ್ರೆ ಇಲ್ಲಿ ಎಲ್ಲಾ ನಡೀತದೆ," ಎಂದಳು ಮಂಜುಳಮ್ಮ.

ಉಳಿದವರು ಅಲೆಗಳ ಕೊಳದತ್ತ ಹೋದರು. ನಂದಿತಾ ಬಟ್ಟೆ ಬದಲಿಸಿಕೊಂಡು, ಮಗುವಿಗೂ ಒಣ ಅಂಗಿ, ಶೂ ಹಾಕಿ ಆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡಳು. ಬಾಗಿಲು ಮುಚ್ಚಿದ ಕೂಡಲೇ ಪಾರ್ಕೇ ಇಲ್ಲದ ಹಾಗಾಯಿತು. ಇಂಥ ಜಾಗವನ್ನು ಅವಳು ಎರಡು ವರ್ಷ ಬಯಸಿದ್ದಳು. ತಿಳಿನೀಲಿ ಗೋಡೆ, ಮೆತ್ತನೆಯ ಹಾಸಿಗೆ, ಪರದೆ. ಜೋಲಿ ಕಟ್ಟಲು ಕೊಂಡಿ ಮಾತ್ರ ಇರಲಿಲ್ಲ. ಸೀರೆಯನ್ನೇ ಹಾಸಿ ಅದರ ಮೇಲೆ ದೀಪುವನ್ನು ಮಲಗಿಸಿ ತಟ್ಟಿದಳು.

ದೀಪು ಕಣ್ಣರಳಿಸಿ ಚಾವಣಿ ನೋಡಿದ. ಅವಳ ಬಳೆ ಸದ್ದಾದರೆ ಬೆಚ್ಚಿದ. ಅವಳು ಹಾಡು ಗುನುಗಿದರೆ ಅವಳ ಬಾಯಿಯ ಮೇಲೆ ಕೈಯಿಟ್ಟ. ಅವಳು ಸುಮ್ಮನಾದಾಗ ಆ ನಿಶ್ಶಬ್ದವನ್ನು ಕೇಳಿಸಿಕೊಂಡ ಹಾಗೆ ಒಂದು ಕ್ಷಣ ಮಿಸುಕದೆ ಇದ್ದು, ಆಮೇಲೆ ಚೀರಿದ. ಎತ್ತಿಕೊಂಡರೂ ಚೀರಿದ, ಇಳಿಸಿದರೂ ಚೀರಿದ. ಬೆನ್ನು ಬಿಲ್ಲಿನಂತೆ ಬಾಗಿಸಿದ. ಆ ಬಾಗು ಅವಳಿಗೆ ಗೊತ್ತಿದ್ದ ಬಾಗು. ಅವನ ದವಡೆ ಹಿಡಿದು ನೋಡಿದಳು. ಬಿಗಿದಿರಲಿಲ್ಲ. ಬರಿಯ ಸಿಟ್ಟು ಅದು. ಇನ್ನೂ ಬರಿಯ ಸಿಟ್ಟು.

ಅವನನ್ನು ಎತ್ತಿಕೊಂಡು ಹೊರಗೆ ಬಂದಳು. ಕಟ್ಟಡದ ಹಿಂದೆ ಒಂದು ಹೊಂಗೆ ಮರವಿತ್ತು. ಅದರ ಕೆಳಗಿನ ಕೊಂಬೆಗೆ ಸೀರೆ ಎಸೆಯುವಷ್ಟರಲ್ಲಿ ಸೆಕ್ಯೂರಿಟಿಯವನು ಸೀಟಿ ಊದಿದ.

"ಮರಕ್ಕೆ ಏನೂ ಕಟ್ಟೋ ಹಾಗಿಲ್ಲ ಮೇಡಂ."

"ಮಗು ಮಲಗಿಸ್ಬೇಕಿತ್ತು ಅಣ್ಣ. ಅರ್ಧ ಗಂಟೆ."

"ಸಿಸಿಟಿವಿ ಇದೆ. ನನ್ ಕೆಲ್ಸ ಹೋಗ್ತದೆ."

ಅವಳು ಸೀರೆಯನ್ನು ಹೆಗಲಿಗೆ ಹಾಕಿಕೊಂಡು ನಡೆದಳು. ಎಲ್ಲಿಗೆಂದು ಗೊತ್ತಿರಲಿಲ್ಲ. ಅಲೆಗಳ ಕೊಳದ ಕಡೆ ಮಾತ್ರ ಹೋಗುವಂತಿರಲಿಲ್ಲ, ಅಲ್ಲಿ ಮಂಜುಳಮ್ಮ ಇದ್ದಳು. ಆಗುವುದಿದ್ದರೆ ಅವಳ ಕಣ್ಣಿಗೆ ಬೀಳದ ಕಡೆ ಆಗಲಿ ಎಂದು ನಂದಿತಾಳ ಮನಸ್ಸಿಗೆ ಬಂತು. ತಾಯಿಯಾಗಿ ಇಂಥ ಲೆಕ್ಕ ಹಾಕುತ್ತಿದ್ದೇನಲ್ಲ ಎಂದು ಅಸಹ್ಯವೂ ಆಯಿತು. ನಡಿಗೆ ಮಾತ್ರ ನಿಲ್ಲಿಸಲಿಲ್ಲ.

ಉಡುಪು ಬಾಡಿಗೆಗೆ ಕೊಡುವ ಕೌಂಟರಿನ ಹಿಂಬದಿಯಲ್ಲಿ ತಗಡಿನ ಮಾಡಿನ ಉದ್ದನೆಯ ಕೋಣೆ. ಬಾಗಿಲು ತೆರೆದಿತ್ತು. ಒಳಗೆ ಒದ್ದೆ ಉಡುಪುಗಳ ರಾಶಿ, ಕ್ಲೋರಿನ್ ವಾಸನೆ. ಒಂದು ದೊಡ್ಡ ಯಂತ್ರದ ಬಾಯಿಗೆ ಒಬ್ಬ ಹೆಂಗಸು ಬಟ್ಟೆ ತುಂಬುತ್ತಿದ್ದಳು. ಅಂಗಿಯ ಮೇಲೆ ತಾಹೇರಾ ಎಂಬ ಬಿಲ್ಲೆ.

"ಯಾಕಕ್ಕಾ, ಬಚ್ಚಾ ಇಷ್ಟು ಅಳ್ತಾ ಐತೆ?"

"ನಿದ್ದೆ ಬರ್ತಾ ಇಲ್ಲ."

"ಬೇಬಿ ರೂಮ್ ಐತಲ್ಲ ಮುಂದೆ. ಏಕ್‌ದಂ ಸೈಲೆಂಟು."

"ಅಲ್ಲಿಂದಾನೇ ಬಂದೆ."

"ಇಲ್ಲಿ ಒಳಗೆ ಬರೋ ಹಂಗಿಲ್ಲ, ಸೂಪರ್‌ವೈಸರ್ ಬೈತಾನೆ," ಎನ್ನುತ್ತಲೇ ತಾಹೇರಾ ಯಂತ್ರದ ಬಾಗಿಲು ಮುಚ್ಚಿ ಗುಂಡಿ ಒತ್ತಿದಳು. ಒದ್ದೆ ಬಟ್ಟೆಯ ನೀರು ಹಿಂಡುವ ಯಂತ್ರ ಅದು. ಮೊದಲು ತೂಕಡಿಸಿದ ಹಾಗೆ ಸುತ್ತಿ, ಆಮೇಲೆ ವೇಗ ಹಿಡಿದು ಗುಡುಗತೊಡಗಿತು. ಸಿಮೆಂಟಿನ ನೆಲ ಅದುರಿತು. ಕಿಟಕಿಯ ಗಾಜು ಗುಣುಗುಟ್ಟಿತು.

ದೀಪುವಿನ ಚೀರಾಟ ನಿಂತಿತು. ತಲೆ ಅವಳ ಹೆಗಲಿಗೆ ಬಿತ್ತು.

ನಂದಿತಾ ಹೆದರಿ ಅವನ ಮುಖ ತಿರುಗಿಸಿದಳು. ಕಣ್ಣು ತೇಲಿರಲಿಲ್ಲ, ಅರ್ಧ ಮುಚ್ಚಿತ್ತು. ಹೆಬ್ಬೆರಳು ಬಾಯಿಗೆ ಹೋಗಿತ್ತು. ಹವಾಯಿ ಚಪ್ಪಲಿಯೊಳಗಿಂದ ನೆಲದ ಅದುರಾಟ ಅವಳ ಅಂಗಾಲಿಗೆ ಹತ್ತಿ ಮೊಣಕಾಲಿಗೆ ಏರುತ್ತಿತ್ತು. ಇದನ್ನು ಎಲ್ಲೋ ಬಲ್ಲೆ ಎನಿಸಿತು. ಎಲ್ಲಿ ಎಂದು ಹೊಳೆದಾಗ ಅವಳಿಗೆ ನಗು ಬಂತು, ಹಿಂದೆಯೇ ಸಿಟ್ಟು. ಕರೆಂಟು ಹೋದ ಆ ಎರಡು ದಿನ ಗಿರಣಿ ನಿಂತಿತ್ತು. ಗೃಹಪ್ರವೇಶದ ಮನೆಯಲ್ಲಿ ಗಿರಣಿ ಇರಲಿಲ್ಲ. ಸೀರೆಯ ಗುಣ ಎಂದುಕೊಂಡು ಎರಡು ವರ್ಷ ಕಳೆದಿದ್ದಳು.

"ಅರೆ, ಸುಮ್ನಾದ್ನಲ್ಲ," ಎಂದಳು ತಾಹೇರಾ, ಯಂತ್ರದ ಮೇಲೆ ದನಿ ಎತ್ತರಿಸಿ. "ನನ್ ಮಗಳು ಈ ಸದ್ದು ಕೇಳಿದ್ರೆ ಮನೆ ಬಿಟ್ಟು ಓಡ್ತಾಳೆ."

"ಇನ್ನೂ ಎಷ್ಟೊತ್ತು ಓಡುತ್ತೆ ಇದು?"

"ನೋಡು ರಾಶಿ. ಇದೆಲ್ಲ ಮುಗಿಯೋವರ್ಗೂ."

"ಒಂದ್ ಸ್ವಲ್ಪ ಹೊತ್ತು ಇರ್ಲಾ?"

ತಾಹೇರಾ ಬಾಗಿಲಾಚೆ ಇಣುಕಿ ನೋಡಿ, ಉಡುಪು ಒಣಹಾಕುವ ಕಬ್ಬಿಣದ ಪೈಪು ತೋರಿಸಿದಳು. ಇಬ್ಬರೂ ಸೇರಿ ಸೀರೆ ಕಟ್ಟಿದರು. ಗಂಟು ಗಟ್ಟಿಯಾಗಿದೆಯೇ ಎಂದು ತಾಹೇರಾ ಜೋತುಬಿದ್ದು ನೋಡಿದಳು. ದೀಪು ಜೋಲಿಯೊಳಗೆ ಮಗ್ಗುಲಾಗಿ ಮುದುಡಿ ಮಲಗಿದ.

ನಂದಿತಾ ಬಟ್ಟೆಯ ಮೂಟೆಯೊಂದರ ಮೇಲೆ ಕೂತಳು. ಯಾರಿಗಾದರೂ ಹೇಳಿ ಬರಬೇಕು ಎಂದುಕೊಂಡಳು. ಫೋನು ಲಾಕರಿನಲ್ಲಿ, ಕೀಲಿ ಗಂಡನ ಕೈಯಲ್ಲಿ, ಗಂಡ ಅಲೆಯಲ್ಲಿ. ಮಗುವನ್ನು ಬಿಟ್ಟು ಹೋಗುವಂತಿಲ್ಲ, ಎತ್ತಿದರೆ ಎಚ್ಚರವಾಗುತ್ತದೆ. ತಾಹೇರಾಳನ್ನು ಕಳಿಸುವ ಎಂದರೆ ಅವಳು ಯಂತ್ರ ಬಿಟ್ಟು ಹೋಗುವಂತಿಲ್ಲ. ಬೇಬಿ ರೂಮಿನಲ್ಲಿದ್ದೇನೆ ಎಂದುಕೊಂಡಿರುತ್ತಾರೆ, ಇನ್ನೊಂದು ಸುತ್ತು ಮುಗಿಯಲಿ ಎಂದು ಕೂತಳು. ಆ ಸುತ್ತು ಮುಗಿದ ಮೇಲೂ ಹಾಗೇ ಅಂದುಕೊಂಡಳು. ಮಗುವಿನ ಹೊಟ್ಟೆ ಸಮನಾಗಿ ಏರಿ ಇಳಿಯುತ್ತಿತ್ತು. ಬೆಳಗಿನಿಂದ ಮೊದಲ ಸಲ ಅವಳ ಹೆಗಲು ಸಡಿಲಾಯಿತು. ಪಾರ್ಕಿನ ಮೈಕಿನಲ್ಲಿ ಅವಳ ಹೆಸರನ್ನು ಕೂಗಿ ಕರೆದರು. ಯಂತ್ರದ ಸದ್ದಿನಲ್ಲಿ ಅದು ಕೇಳಿಸಲಿಲ್ಲ. ಮತ್ತೆ ಕೂಗಿದರು. ಅದೂ ಕೇಳಿಸಲಿಲ್ಲ.

ರಾಶಿ ಮುಗಿದು ಯಂತ್ರ ನಿಂತಿತು. ಅದು ನಿಂತ ಕೂಡಲೇ ದೀಪು ಕಣ್ಣು ಬಿಟ್ಟು ನಕ್ಕ. "ನೀಯು," ಎಂದ. ನೀರು ಕುಡಿಸಿ, ತಾಹೇರಾಳ ಕೈ ಒತ್ತಿ, ಮಗುವನ್ನು ಸೊಂಟಕ್ಕೇರಿಸಿಕೊಂಡು ನಂದಿತಾ ಹೊರಗೆ ಬಂದಳು. ಸಂಜೆಯ ಬಿಸಿಲು ಬಿದ್ದಿತ್ತು. ದಿನ ದಾಟಿತು ಎನಿಸಿತು. ಹೇಮಾಳಿಗೆ ಮೊದಲು ಹೇಳಬೇಕು ಎಂದುಕೊಂಡಳು.

ಬೇಬಿ ರೂಮಿನ ಮುಂದೆ ಅಂಜನಮೂರ್ತಿ ಒದ್ದೆ ಉಡುಪಿನಲ್ಲೇ ನಿಂತಿದ್ದ. ಓಡಿ ಬಂದು ಮಗುವನ್ನು ಕಸಿದುಕೊಂಡು ಅವನ ಬಾಯಿ ತೆರೆಸಿ ನಾಲಿಗೆ ನೋಡಿದ.

"ಬಂತಾ?"

"ಇಲ್ಲ ರೀ. ಚೆನ್ನಾಗಿ ಮಲಗಿದ್ದ."

"ಎಲ್ಲಿ?"

"ಹಿಂದ್ಗಡೆ, ಬಟ್ಟೆ ಒಗೆಯೋ ರೂಮಲ್ಲಿ."

"ಮೈಕಲ್ಲಿ ಎಷ್ಟು ಸಲ ಕೂಗ್ಸಿದೀವಿ ಗೊತ್ತಾ?"

"ಕೇಳಿಸ್ಲಿಲ್ಲ."

"ಬಾ," ಎಂದಷ್ಟೇ ಹೇಳಿ ಮುಂದೆ ನಡೆದ.

ಪ್ರಥಮ ಚಿಕಿತ್ಸೆಯ ಕೋಣೆಯ ಹೊರಗೆ ಸಿಮೆಂಟಿನ ಬೆಂಚಿತ್ತು. ಒಂದು ತುದಿಯಲ್ಲಿ ಮುನಿವೆಂಕಟಮ್ಮ, ಇನ್ನೊಂದು ತುದಿಯಲ್ಲಿ ಮಂಜುಳಮ್ಮ ಕೂತಿದ್ದರು. ಹೇಮಾ ಗೋಡೆಗೆ ಒರಗಿ ನಿಂತಿದ್ದಳು. ಲೋಹಿತ್ ತುಸು ದೂರದಲ್ಲಿ ಕೈಕಟ್ಟಿಕೊಂಡು ನೆಲ ನೋಡುತ್ತಿದ್ದ. ಮುನಿವೆಂಕಟಮ್ಮ ಮೊಮ್ಮಗನನ್ನು ಕಂಡು ಎದ್ದಳು, ಮತ್ತೆ ಕೂತಳು.

ಮಂಜುಳಮ್ಮ ನಂದಿತಾಳತ್ತ ನೋಡಿ, ಮೆಲ್ಲಗೆ, ಒರಟುತನವಿಲ್ಲದೆ ಕೇಳಿದಳು: "ಮಗು ಮಲಗ್ತೇನಮ್ಮ? ಒಳ್ಳೇದಾಯ್ತು ಬಿಡು. ನಿದ್ದೆ ಕೆಡಬಾರ್ದಂತಲ್ಲ ಅದಕ್ಕೆ."

ನಂದಿತಾ ಅತ್ತೆಯ ಮುಖ ನೋಡಿದಳು. ಅತ್ತೆ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು.

ಆದದ್ದು ಇಷ್ಟು. ಬೇಬಿ ರೂಮು ಖಾಲಿ ಕಂಡು ಮುನಿವೆಂಕಟಮ್ಮ ಹುಡುಕಲು ಹೊರಟಿದ್ದಳು, ಮಂಜುಳಮ್ಮ ಜೊತೆಗೂಡಿದ್ದಳು. ದಾರಿಯಲ್ಲಿ ದೀಪುವಿನ ಎಡಗಾಲಿನ ಶೂ ಸಿಕ್ಕಿತು. ಚಿಕ್ಕ ಮಗುವೊಂದನ್ನು ಯಾರೋ ಎತ್ತಿಕೊಂಡು ಪ್ರಥಮ ಚಿಕಿತ್ಸೆಗೆ ಓಡಿದರು ಎಂದು ಐಸ್‌ಕ್ರೀಮಿನವನು ಹೇಳಿದ. ಮುನಿವೆಂಕಟಮ್ಮ ಶೂ ಎಸೆದು ಓಡಿದಳು. ಪರದೆಯಾಚೆ ಮಗುವಿನ ಕಾಲು ಕಾಣುತ್ತಿತ್ತು, ಮುಖ ಕಾಣುತ್ತಿರಲಿಲ್ಲ. "ಸಿಸ್ಟರ್, ನನ್ ಮೊಮ್ಮಗನಿಗೆ ಫಿಟ್ಸ್ ಐತೆ, ಮುಂಚೆ ಎರಡು ಸಲ ಬಂದೈತೆ, ನಿದ್ದೆ ಕೆಟ್ರೆ ಬರ್ತದೆ, ದಿನಾ ಸಿರಪ್ ಕುಡೀತಾನೆ, ಬಾಯಿಗೆ ನೀರು ಹಾಕ್ಬೇಡಿ," ಎಂದು ಒಂದೇ ಉಸಿರಿಗೆ ಹೇಳಿದಳು. ನರ್ಸು ಪರದೆ ಸರಿಸಿದಳು. ಗಲ್ಲ ತರಚಿಕೊಂಡಿದ್ದ ಬೇರೆ ಯಾರದೋ ಮಗು ಲಾಲಿಪಾಪ್ ಚೀಪುತ್ತ ಕೂತಿತ್ತು. ಮಂಜುಳಮ್ಮ ಮುನಿವೆಂಕಟಮ್ಮನ ಹಿಂದೆಯೇ ನಿಂತಿದ್ದಳು.

ವಾಪಸು ಬರುವಾಗ ಯಾರೂ ಜಗಳವಾಡಲಿಲ್ಲ. ಹೇಮಾ ದೀಪುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಿಟಕಿಯಾಚೆ ನೋಡುತ್ತಿದ್ದಳು. ಟಿನ್ ಫ್ಯಾಕ್ಟರಿ ಬಳಿ ಇಳಿಯುವಾಗ ಮಂಜುಳಮ್ಮ, "ಬರ್ತೀವಿ ಮುನಿವೆಂಕಟಮ್ಮನೋರೇ," ಎಂದಳು. ಬೆಳಗ್ಗೆ ಬೀಗಿತ್ತಿ ಎಂದಿದ್ದಳು.

ವಾರ ತುಂಬುವ ಮೊದಲೇ ಫೋನು ಬಂತು. ಹುಡುಗನಿಗೆ ಇನ್ನೆರಡು ವರ್ಷ ಮದುವೆ ಬೇಡವಂತೆ. ಹೇಮಾ ತಾರಸಿಗೆ ಹೋಗಿ ಲೋಹಿತ್‌ಗೆ ಫೋನು ಮಾಡಿದಳು. ಮತ್ತೆ ಮಾಡಿದಳು. ಇಳಿದು ಬಂದಾಗ ನಂದಿತಾ ಒಲೆಯ ಮುಂದಿದ್ದಳು.

"ಒಬ್ರಿಗೆ, ಒಬ್ಬೇ ಒಬ್ರಿಗೆ ಹೇಳಿ ಹೋಗಿದ್ರೆ ಆಗ್ತಿತ್ತಲ್ಲ ಅತ್ತಿಗೆ."

"ಆಗ್ತಿತ್ತು," ಎಂದಳು ನಂದಿತಾ.

"ಅವ್ಳನ್ಯಾಕೆ ಅಂತೀಯ," ಎಂದಳು ಮುನಿವೆಂಕಟಮ್ಮ ಒಳಕೋಣೆಯಿಂದ. "ಬಾಯ್ಬಿಟ್ಟಿದ್ದು ನಾನು. ಮಗು ಹೋಗ್ತಾ ಐತೆ ಅನ್ಕೊಂಡೆ. ಅಲ್ಲೂ ಸುಳ್ಳು ಹೇಳ್ಕೊಂಡು ನಿಂತ್ಕೋಬೇಕಿತ್ತಾ?"

ಕೆಳಗೆ ಯಾರದೋ ರಾಗಿ ಬಿತ್ತು, ಗಿರಣಿ ಶುರುವಾಯಿತು. ದೀಪು ಚಾಪೆಯ ಮೇಲೆ ಇದ್ದಲ್ಲೇ ಮಗುಚಿ ನಿದ್ದೆಹೋದ. ತೊಲೆಯ ಕೊಂಡಿ ಖಾಲಿ ಇತ್ತು. ಜೋಲಿಯ ಸೀರೆಯನ್ನು ಪೈಪಿನಿಂದ ಬಿಚ್ಚಿ ತರಲು ಅವತ್ತು ಯಾರಿಗೂ ನೆನಪಾಗಿರಲಿಲ್ಲ.

ಕಳೆದುಹೋದದ್ದು ಒಂದು ಹಳೇ ಸೀರೆ, ಮಗುವಿನ ಎಡಗಾಲಿನ ಒಂದು ಶೂ, ಹೇಮಾಳ ಒಂದು ಸಂಬಂಧ. ಒಟ್ಟು ಮೂರು.